ಹುಲ್ಲು ಬೋಳಿಸಿದವನು

...ಇಲ್ಲ, ಹಾಕಲ್ಲ! ಟೀವಿ ಆಫ್ ಮಾಡಿದ್ದು ನಾನೇ. ಅವರ ದೇಶಕ್ಕೆ ಆಡೋಕೆ ಹೋಗಿ, ಅವರ ಬೌಲರ್ ಚೆಂಡಿಗೆ ದವಡೆ ಮುರಿದುಕೊಂಡು ಬಂದು ಆಸ್ಪತ್ರೆಯಲ್ಲಿ ಮಲಗಿದೀಯ, ಕಾಮೆಂಟರಿ ಹೇಳೋ ಆ ಕೋಟಿನವನ ಪ್ರವಚನ ಬೇರೆ ಕೇಳಬೇಕಾ? "ಆ ದೇಶದವರಿಗೆ ಕ್ರಿಕೆಟ್ಟು ರಕ್ತದಲ್ಲೇ ಇದೆ" ಅಂತೆ. ರಕ್ತದಲ್ಲಂತೆ! ಇಪ್ಪತ್ತೆರಡು ವರ್ಷದಿಂದ ಪಿಚ್ ಮಾಡ್ತಿರೋನು ನಾನು, ನಿಮ್ಮಣ್ಣ, ಹೇಳ್ತೀನಿ ಕೇಳು. ರಕ್ತ ಅಲ್ಲ ಕಣೋ, ನೆಲ!

ನಗಬೇಡ್ವೋ! ಹಲ್ಲಿಗೆ ತಂತಿ ಬಿಗಿದಿದ್ದಾರೆ, ನಕ್ಕರೆ ನಿನಗೇ ನೋವು. ಸ್ಲೇಟು ಕೊಟ್ಟಿದ್ದಾರಲ್ಲ, ಬರಿ. ಏನು... "ದುಡ್ಡು"? ದುಡ್ಡಿಗೇನು ಕಮ್ಮಿ? ನಮ್ಮ ಕ್ರಿಕೆಟ್ ಮಂಡಳಿ ಆಫೀಸಿಗೆ ಲಿಫ್ಟೇ ಮೂರು! "ಜನ"? ಅಯ್ಯೋ ಪೆದ್ದೇ, ಅವರ ಇಡೀ ದೇಶದ ಜನ ನಮ್ಮ ನಾಲ್ಕು ಪೇಟೆಯಲ್ಲಿ ಹಿಡಿಸ್ತಾರೆ.

ಅಲ್ಲಿ ಶಾಲೆ ಮಕ್ಕಳ ಪಿಚ್ಚಲ್ಲೂ ಹುಲ್ಲು ಬಿಡ್ತಾರೆ. ಹುಲ್ಲಿದ್ದರೆ ಚೆಂಡು ಏಳುತ್ತೆ... ಎದೆಗೆ ಬರುತ್ತೆ, ಕಿವಿಗೆ ಬರುತ್ತೆ. ಹತ್ತು ವರ್ಷಕ್ಕೇ ತಲೆ ತಗ್ಗಿಸೋದು ಕಲೀತಾರೆ. ಇಲ್ಲಿ? ಮ್ಯಾಚಿಗೆ ಮೂರು ದಿನ ಇದೆ ಅನ್ನುವಾಗ ಮಂಡಳಿ ಕಾರ್ಯದರ್ಶಿ ಫೋನು: "ನಮ್ಮೋರು ಗೆಲ್ಲಬೇಕು ಕಣಯ್ಯಾ, ಬೋಳಿಸು." ಬೋಳಿಸಿದೆ! ಚೆಂಡು ಮೊಣಕಾಲು ದಾಟದ ಹಾಗೆ ಬೋಳಿಸಿದೆ! ಮನೇಲಿ ಹುಲಿ, ಹೊಸ್ತಿಲು ದಾಟಿದರೆ ಇಲಿ... ಅದೇ ನಮ್ಮ ತಂಡ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ, ಅಂತ ಜನ ಆಡಿಕೊಳ್ತಾರೆ. ಆಡಿಕೊಳ್ಳಲಿ! ನೆಲ ಡೊಂಕೇ! ಯಾರ ಮುಂದೆ ಬೇಕಾದ್ರೂ ಹೇಳ್ತೀನಿ, ಕೆಲಸ ಹೋದರೆ ಹೋಗಲಿ. ನಿನ್ನ ದವಡೆ ಮುರಿದಿದ್ದು ಆ ಬೌಲರ್ ಅಲ್ಲ, ನಮ್ಮ ಕಾರ್ಯದರ್ಶಿ!

ಯಾಕೋ ಹಾಗೆ ನೋಡ್ತೀಯ?

ಏನಿದೆಯೋ ಬರಿ. ಬೈಯೋದಾದ್ರೆ ಬೈದು ಬರಿ... ಯಾಕೆ, ಸ್ಲೇಟು ಪಕ್ಕಕ್ಕಿಟ್ಟೆ? ದವಡೆ ನೋಯ್ತಿದೆಯಾ? ನೀರು ಬೇಕಾ? ನರ್ಸನ್ನ ಕರೀಲಾ? ...ಅದೂ ಬೇಡ.

ಗೊತ್ತಿತ್ತಾ ನಿನಗೆ?

ಹೂಂ... ಮೈದಾನದ ಶೆಡ್ಡಿನ ಹಿಂದಿನ ಅಭ್ಯಾಸದ ಪಿಚ್ಚು. ಅದಕ್ಕೆ ಯಾವ ಕಾರ್ಯದರ್ಶಿ ಫೋನ್ ಮಾಡಿದ್ದ? ಯಾರೂ ಇಲ್ಲ. ನಿನಗಾಗ ಹದಿನಾರು. "ಅಣ್ಣಾ, ಇಲ್ಲಿ ಸ್ವಲ್ಪ ಹುಲ್ಲು ಬಿಡೋ, ಚೆಂಡು ಏಳಲಿ" ಅಂದಿದ್ದೆ. ಬಿಟ್ಟೆ ಕಣೋ, ಒಂದು ದಿನ. ಒಂದೇ ಒಂದು ದಿನ! ನೀನು ಐದು ಸಲ ಔಟಾದೆ, ಪಕ್ಕೆ ಊದಿಕೊಂಡಿತ್ತು, ಅನ್ನದ ಮುಂದೆ ಕೂತು ಅತ್ತುಬಿಟ್ಟೆ. ನನಗೆ ತಡೆಯೋಕಾಗಲಿಲ್ಲ. ಮಾರನೇ ದಿನ ನೀನು ಬರೋದರೊಳಗೆ ಮೆಷಿನ್ ಓಡಿಸಿ ಹುಲ್ಲು ಬೋಳಿಸಿದೆ. "ಕಾರ್ಯದರ್ಶಿ ಅಪ್ಪಣೆ, ನಾನೇನು ಮಾಡಲಿ" ಅಂದೆ. ಸುಳ್ಳು ಅದು. ಹತ್ತು ವರ್ಷದಿಂದ ಅದೇ ಸುಳ್ಳು.

ಆಮೇಲೆ ನೀನು ನೂರರ ಮೇಲೆ ನೂರು ಹೊಡೆದೆ, ತಂಡಕ್ಕೆ ಆಯ್ಕೆಯಾದೆ. ಬೀದಿ ಬೀದಿ ಮಿಠಾಯಿ ಹಂಚಿದೆ ನಾನು...

ಅವರ ದೇಶದಲ್ಲೂ ಅಣ್ಣಂದಿರು ಇರ್ತಾರೆ, ಅಲ್ವೇನೋ? ತಮ್ಮ ಸೊನ್ನೆಗೆ ಔಟಾಗಿ ಅಳ್ತಾ ಬಂದರೂ ಅವರು ಹುಲ್ಲು ಮುಟ್ಟಲ್ಲ. ನಾನು ಮುಟ್ಟಿದೆ.