ಸೂಜಿ ರೋಲರಿಗೆ ಮಗ್ಗದ ಎಣ್ಣೆ

ಜಮಖಂಡಿಯ ಚರ್ಮದ ಡಾಕ್ಟರರ ದವಾಖಾನೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಬನಹಟ್ಟಿಯ ಅತ್ತಿಗೆ-ನಾದಿನಿ ಕೂತಿದ್ದರು. ನಾದಿನಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡಿದ್ದಳು.

"ಬರೂ ರವಿವಾರ ನಿನ್ನ ಮದವಿ ನಿಶ್ಚಯ ಐತಿ. ಈ ಮಾರಿ ಹೊತ್ಕೊಂಡು ಹೆಂಗ ಕುಂದ್ರತಿ, ಕಾವೇರಿ?"

"ಮೆಲ್ಲಕ ಮಾತಾಡ್ರಿ ವೈನಿ."

"ಆ ಸೂಜಿ ರೋಲರ್ ಎಷ್ಟ ದಿನಕ್ಕೊಮ್ಮೆ ಮಾರಿ ಮ್ಯಾಲ ಉಳ್ಳಸ್ತಿದ್ದಿ?"

"ದಿನಾ. ನಿಶ್ಚಯದೊಳಗ ಮೊಡವಿ ಕಲಿ ಹೋಗಲಿ ಅಂತ."

"ದಿನಾ ಚುಚ್ಚಿದ್ರ ಗಾಯ ಮಾಯೂದು ಯಾವಾಗ? ಡಾಕ್ಟರ ಮುಂದ ಎಲ್ಲಾ ಖರೆ ಹೇಳು. ಏನೂ ಮುಚ್ಚಿಡಬ್ಯಾಡ."

"ಹೇಳತೇನಿ. ಆದ್ರ ಎರಡ ವಾರ ಬರೇ ಕೆಂಪಾಗತಿತ್ತ್ರಿ. ಕೀವು ತುಂಬಿದ್ದು ಮೊನ್ನಿ ಸೋಮವಾರದಿಂದ."

ಅತ್ತಿಗೆ ಬೆರಳು ಮಡಚಿ ದಿನ ಎಣಿಸಿದಳು.

"ಯಾಕ್ರಿ ವೈನಿ?"

"ಅದರ ಹಿಂದಿನ ದಿನ ಬಚ್ಚಲದಾಗ ನೋಡಿದೆ. ನಿನ್ನ ರೋಲರಿನ ಸೂಜಿಗೆ ತುಕ್ಕ ಹಿಡದಿತ್ತು."

"ಹೂಂ, ಆಮ್ಯಾಲ?"

"ಮಗ್ಗಕ್ಕ ಹಾಕೂ ಎಣ್ಣಿ ಹಚ್ಚಿ, ಅರಿವಿಲೆ ಒರಸಿ ಇಟ್ಟೆ. ಮಗ್ಗಕ್ಕ ತುಕ್ಕ ಹಿಡದ್ರ ಹಂಗ ಮಾಡತೀವಲ್ಲ. ನಿನಗ ಛಲೋ ಆಗಲಿ ಅಂತ ಮಾಡಿದೆ, ತಂಗಿ."

ಕಾವೇರಿ ಮುಖದ ಮೇಲಿನ ದುಪಟ್ಟಾ ಸರಿಸಿದಳು. ಕೆನ್ನೆಯ ತುಂಬ ಹಳದಿ ಗುಳ್ಳೆಗಳಿದ್ದವು. ಅತ್ತಿಗೆ ನೆಲ ನೋಡಿದಳು.

"ಕಾವೇರಿ ಯಾರ್ರಿ? ಒಳಗ ಬರ್ರಿ," ನರ್ಸ್ ಕೂಗಿದಳು.

"ನೀ ಒಬ್ಬಾಕಿನ ಹೋಗಿ ಬಾ," ಅಂದಳು ಅತ್ತಿಗೆ. "ಎಣ್ಣಿ ಸುದ್ದಿ ತಗೀಬ್ಯಾಡ."

"ಏನೂ ಮುಚ್ಚಿಡಬ್ಯಾಡ ಅಂದಾಕಿ ನೀವ. ಏಳ್ರಿ. ನೀವ ಬಂದು ಹೇಳ್ರಿ."

ಕಾವೇರಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಒಳಗೆ ಹೋದರು.