ಏಳನೇ ಗೂಡು

ಏಳು ಅಂದ್ನಲ್ಲ, ಏಳಣ್ಣಾ! ಊರು ಹೋಗು ಅನ್ನೋ, ಕಾಡು ಬಾ ಅನ್ನೋ ವಯಸ್ಸಲ್ಲಿ ಮತ್ತೆ ಇಪ್ಪತ್ತೆಂಟಾಗ್ತೀನಿ ಅಂತ ಹಾರಾಡ್ದೋನು ಹೀಗೆ ನಿನ್ನ ಪ್ರಯೋಗದ ಇಲಿಮನೆ ನೆಲದ ಮೇಲೆ ಬಿದ್ಕೊಂಡ್ರೆ ಹೇಗೆ? ಏನು... ನಗ್ತಿದೀಯಾ? ಯಾಕೆ ನಗ್ತೀಯ? ನಗು, ನಗು. ತಂಗಿ ಮಾತು ಅಂದ್ರೆ ನಿನಗೆ ಯಾವತ್ತೂ ನಗುವೇ.

ಔಷಧಿ ನನಗೇ ಚುಚ್ಚು ಅಂತ ತೋಳು ಚಾಚಿದ್ದು ನೀನೇ ತಾನೇ? ಚುಚ್ಚಿದೆ. ಇಪ್ಪತ್ತು ವರ್ಷದಿಂದ ನೀನು ಹೇಳಿದ್ದೆಲ್ಲಾ ಮಾಡಿದೀನಿ. ಗೂಡು ತೊಳಿ ಅಂದೆ, ತೊಳೆದೆ. ಇಲಿ ಕತ್ತು ಮುರಿ ಅಂದೆ, ಮುರಿದೆ. ಹಿಂಗತ್ತಿನ ಮೇಲೆ ಹೆಬ್ಬೆರಳಿಟ್ಟು, ಬಾಲ ಎಳೆದು... ಟಕ್! ಊಟಕ್ಕೆ ಕೂತ್ರೂ ಕಿವೀಲಿ ಅದೇ ಟಕ್.

ಮುಪ್ಪು ಯಾಕೆ ಬರುತ್ತೆ ಅಂತ ದಿನಕ್ಕೊಂದು ಪುರಾಣ ನಿಂದು. ಮೊದಲು ಮೈಯೊಳಗೆ ತುಕ್ಕು ಅಂದೆ. ಆಮೇಲೆ ಜೀವಕೋಶ ಎರಡಾದಾಗೆಲ್ಲ ಒಳಗಿನ ದಾರದ ತುದಿ ಸವೆಯುತ್ತೆ ಅಂದೆ. ಕೊನೆಗೆ, ಸಾಯಬೇಕಾದ ಜೀವಕೋಶ ಸಾಯದೆ ಕೂತು ಪಕ್ಕದವನ್ನೂ ಕೊಳೆಸುತ್ತೆ, ಅದನ್ನ ಹುಡುಕಿ ಕೊಲ್ಲೋ ಔಷಧಿ ಮಾಡ್ತೀನಿ ಅಂದೆ. ಆಗ ನಿನ್ನನ್ನೇ ನೋಡ್ದೆ ಅಣ್ಣಾ. ಸಾಯದೆ ಕೂತು ಪಕ್ಕದೋರನ್ನ ಕೊಳೆಸೋದು! ನನಗೂ ನಗು ಬಂತು.

ಗುರಾಯಿಸ್ಬೇಡ! ಈ ಬೆರಳು ನೋಡು. ಮುದಿ ಇಲಿ ಒಂದು ಸತ್ತಿದೆ ಅಂತ ಹೇಳಿದ ದಿನ ಗೂಡಿನ ಬಾಗಿಲಿಗೆ ಸಿಕ್ಕಿಸಿ ಒತ್ತಿದೆಯಲ್ಲ... ಅದೂ ಟಕ್ ಅಂತಲೇ ಮುರೀತು. "ನಿನ್ನ ಕೈ ಸೇರಿದ್ದೆಲ್ಲ ಸಾಯುತ್ತೆ, ಮುಂಡೆ" ಅಂದೆ. ನನ್ನ ಗಂಡ ಹೋಗಿ ಮೂರೇ ತಿಂಗಳಾಗಿತ್ತು!

ಅವತ್ತಿಂದ ಹೇಳೋದೇ ಬಿಟ್ಟೆ. ಏಳನೇ ಗೂಡಿನ ಮುದಿ ಇಲಿ, ನಮ್ಮ ಮುದುಕ, ನಿನ್ನ ಔಷಧಿ ಮೈಗೆ ಹೋದ ಮಾರನೇ ದಿನವೇ ಒದ್ದಾಡಿ ರಕ್ತ ಕಾರ್ದ. ಏಳು ಏಳು ಅಂತ ಅಲುಗಾಡಿಸ್ದೆ, ಏಳಲಿಲ್ಲ. ಸುಟ್ಟು ಹಾಕ್ದೆ. ಪಡ್ಡೆ ಇಲಿ ಒಂದನ್ನ ಹಿಡಿದು, ಮುದುಕನ ಕಿವೀಲಿದ್ದ ಗುರುತಿನ ಕಚ್ಚನ್ನೇ ಕತ್ತರೀಲಿ ಅದರ ಕಿವಿಗೂ ಹಾಕಿ, ಗೂಡಿಗೆ ಬಿಟ್ಟೆ. ನೀನು ನೋಡಿ ಕುಣಿದಾಡಿದ್ದೇ ಕುಣಿದಾಡಿದ್ದು! "ಮುದುಕ ಹುಡುಗನಾದ! ಚಕ್ರ ಹತ್ತಿ ಓಡ್ತಾನೆ ನೋಡು!"

ಹನ್ನೊಂದು ಇಲಿ ಬದಲಾಯಿಸಿದೆ ಅಣ್ಣಾ. ವಿಜ್ಞಾನಿಗಳ ಸಭೇಲಿ ಚಪ್ಪಾಳೆ ಹೊಡೆಸ್ಕೊಂಡೆಯಲ್ಲ... ಅದೆಲ್ಲ ನನ್ನ ಕತ್ತರಿಗೆ ಸೇರಬೇಕಾದ್ದು.

ಬೆಳಿಗ್ಗೆ ನೀನು ತೋಳು ಚಾಚಿದಾಗ ಹೇಳಬಹುದಿತ್ತು. ನಾಲಿಗೆ ತುದೀಲಿತ್ತು. "ಕೈ ನಡುಗಿಸ್ಬೇಡ, ಮುಂಡೆ" ಅಂದೆ. ನಡುಕ ನಿಂತುಹೋಯ್ತು.

ಈಗ ಮಾತಾಡು! ಬೈಯಿ! ನಿನ್ನ ಔಷಧಿ ಸೀಸೆ ಒಡೀತೀನಿ, ಇಗೋ... ಇಗೋ ಇನ್ನೊಂದು! ಎದ್ದು ಬಂದು ಹೊಡಿ! ...ಅಣ್ಣಾ? ಕಣ್ಣಿನ ಮೇಲೆ ನೊಣ ಕೂತಿದೆ. ಓಡಿಸ್ಕೊಳ್ಳೋ.

...ಗೊತ್ತು ನನಗೆ. ಹತ್ತು ಗಂಟೆಗೇ ಗೊತ್ತಿತ್ತು. ಅಲ್ಲಿವರೆಗೂ ನೀನು ನನ್ನ ಕಾಲು ಹಿಡ್ಕೊಂಡಿದ್ದೆ, ಡಾಕ್ಟರನ್ನ ಕರಿ, ಕರಿಯೇ ಅಂತ. ಫೋನು ನನ್ನ ಕೈಯಲ್ಲೇ ಇತ್ತು.

ಅತ್ತಿಗೆ ಊಟದ ಡಬ್ಬಿ ತಗೊಂಡು ಬರೋ ಹೊತ್ತಾಯ್ತು. ನಿನ್ನ ಜಾಗಕ್ಕೆ ಯಾರ ಕಿವಿ ಕತ್ತರಿಸಿ ಬಿಡ್ಲಿ, ಅಣ್ಣಾ?