ಅರ್ಧಕ್ಕೆ ನಿಲ್ಲುವ ಬಾಗಿಲು

ಮಧ್ಯಾಹ್ನ ಹಿಡಿದ ಮಳೆ ಕತ್ತಲಾದರೂ ಬಿಟ್ಟಿರಲಿಲ್ಲ. ಕಾರನ್ನು ರಸ್ತೆಯಲ್ಲೇ ನೆನೆಯಲು ಬಿಟ್ಟು, ಗ್ಯಾರೇಜಿನೊಳಗೆ ಕುರ್ಚಿ ಹಾಕಿಕೊಂಡು, ಒಳಗೆ ಮಲಗಿದ್ದ ಅಪ್ಪನನ್ನು ಬಿಟ್ಟು ಮನೆಮಂದಿಯೆಲ್ಲ ಕೂತಿದ್ದೆವು. ಗ್ಯಾರೇಜಿನ ಬಾಗಿಲಿಗೆ ತಮ್ಮ ಅಂದು ಹೊಸ ಮೋಟರು ಕೂರಿಸಿದ್ದ. ರಿಮೋಟ್ ಒತ್ತಿದರೆ ಸದ್ದಿಲ್ಲದೆ ಇಳಿದು ಮುಚ್ಚಿಕೊಳ್ಳುತ್ತದೆ, ಎಲ್ಲರೂ ಬಂದು ನೋಡಿ ಎಂದು ಅವನೇ ಕರೆದದ್ದು. ಬಾಗಿಲು ಅರ್ಧದವರೆಗೆ ಇಳಿಯುತ್ತಿತ್ತು, ಅಲ್ಲಿ ತಡವರಿಸುತ್ತಿತ್ತು, ಮತ್ತೆ ಮೇಲಕ್ಕೆ ಹೋಗುತ್ತಿತ್ತು. ಮಳೆಯ ಎರಚಲು ಒಳಗೆ ನುಗ್ಗಿ ನಮ್ಮ ಪಾದ ತೋಯಿಸುತ್ತಿತ್ತು. ಆಗಷ್ಟೇ ಅಂಬೆಗಾಲು ಕಲಿತಿದ್ದ ನನ್ನ ಮಗಳು ಕೆಳಗಿಳಿಯಲು ಒದ್ದಾಡುತ್ತಿದ್ದಳು. ನಾನು ಅವಳನ್ನು ತೊಡೆಯ ಮೇಲೆ ಅದುಮಿ ಹಿಡಿದಿದ್ದೆ.

"ಮೋಟರೇ ಡಬ್ಬಾ. ನಾಳೆನೇ ವಾಪಸ್ ಕೊಟ್ಟು ಇನ್ನೂ ದೊಡ್ಡದು ತರ್ತೀನಿ," ಎಂದ ತಮ್ಮ.

ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದ ದೊಡ್ಡಮ್ಮ ಮೂಗಿನಲ್ಲೇ ನಕ್ಕರು. ಅವರು ನಮ್ಮಮ್ಮನ ಅಕ್ಕ. ಬಾಗಿಲು, ಶಟರು, ಮೋಟರು ಮಾರುವ ಅಂಗಡಿಯನ್ನು ಒಬ್ಬರೇ ನಡೆಸಿ, ಗಿರಾಕಿಗಳನ್ನೆಲ್ಲ ಬೈದೇ ವ್ಯಾಪಾರ ಮಾಡಿದವರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಶುರುಮಾಡಿದರು.

"ಅಪ್ಪನ ಮಗ ಅಂದ್ರೆ ನೀನೇ ಕಣೋ. ಇದೇ ಮಾತು, ಇದೇ ಜಾಗದಲ್ಲಿ ನಿಂತು, ಇದೇ ಥರ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಮ್ಮಪ್ಪ ಹೇಳಿದ್ದ. ಒಳಗೆ ಗೊರಕೆ ಹೊಡೀತಿದಾನಲ್ಲ, ಎಚ್ಚರ ಆಗಿ ಕೇಳಿಸಿಕೊಂಡ್ರೂ ಪರವಾಗಿಲ್ಲ, ಕೇಳಿಸಿಕೊಳ್ಳಲಿ... ಬನ್ನಿ, ಹತ್ತಿರ ಬನ್ನಿ ಎಲ್ಲಾ. ಆ ಎರಚಲು ಹೊಡಿಯೋ ಕಡೆ ಮಾತ್ರ ಯಾರೂ ಕೂರಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

"ನಿಮ್ಮಪ್ಪನ ತಾಯಿ, ನಿಮ್ಮಜ್ಜಿ, ನೀವ್ಯಾರೂ ನೋಡಿಲ್ಲ. ಸಂಜೆ ಆದ್ರೆ ಒಂದು ಕುಳ್ಳ ಸ್ಟೂಲು ತಂದು ಈ ಬಾಗಿಲ ಗೆರೆ ಮೇಲೇ ಹಾಕ್ಕೊಂಡು ಕೂರೋಳು... ಒಳಗೂ ಅಲ್ಲ, ಹೊರಗೂ ಅಲ್ಲ. ಬೀದಿ ಮಕ್ಕಳು ಚೆಂಡು ಹಿಂದೆ ಓಡಿ ಬಂದ್ರೆ, 'ಏಯ್, ಬಾಗಿಲ ಕೆಳಗೆ ಬರಬ್ಯಾಡ್ರೋ' ಅಂತ ಗದರೋಳು. ನಿಮ್ಮಪ್ಪ ಕಾರಲ್ಲಿ ಬಂದು ಹಾರನ್ ಹೊಡೆದ್ರೆ ಏಳ್ತಾಳಾ? ಮೊದಲು ಸೆರಗು ಸರಿಮಾಡಬೇಕು, ಮೊಣಕಾಲು ನೀವಬೇಕು, ಆಮೇಲೆ ಏಳಬೇಕು. ಅಷ್ಟು ಹೊತ್ತೂ ಈ ಮಹಾಶಯ ಒಳಗೆ ಕೂತು ಹಲ್ಲು ಕಡಿಯೋನು. ಹೆತ್ತ ತಾಯಿ ಅವನ ಕಣ್ಣಿಗೆ ದಾರಿಗಡ್ಡ ಇಟ್ಟ ಸಾಮಾನು.

"ನಿಮ್ಮಮ್ಮನಿಗೆ ದಿನ ತುಂಬ್ತಾ ಇದ್ದಾಗ ಮುದುಕಿ ಹಾಸಿಗೆ ಹಿಡಿದಳು. 'ಮಗು ಓಡಾಡೋ ಹೊತ್ತಿಗೆ ನಾನು ಬಾಗಿಲಲ್ಲಿ ಇರ್ತೀನಿ, ನೀನು ಒಳಗಿನ ಕೆಲಸ ನೋಡ್ಕೋ' ಅಂತ ನನ್ನ ತಂಗಿಗೆ ಹೇಳ್ತಾನೇ ಇದ್ದಳು, ಹೇಳ್ತಾನೇ ಹೋಗಿಬಿಟ್ಟಳು. ಹೋದ ಮರುದಿನ ನಿಮ್ಮಪ್ಪ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಆ ಸ್ಟೂಲು ಎತ್ತಿ ಕಸಕ್ಕೆ ಹಾಕಿದ್ದು.

"ಎರಡನೇ ಕೆಲಸ, ಮೋಟರು. ನನ್ನ ಅಂಗಡಿಗೇ ಬಂದ. ಯಾವುದು ತಗೊಳ್ಳಲಿ ಅಂತ ಕೇಳಲಿಲ್ಲ, ಇರೋದ್ರಲ್ಲಿ ಭಾರಿ ಯಾವುದು ಅಂತ ಕೇಳಿದ. ಅಯ್ಯಾ, ಬಾಗಿಲಿನ ಭಾರ ಹೊರೋದು ಸ್ಪ್ರಿಂಗು, ಮೋಟರು ಬರೀ ತಳ್ಳುತ್ತೆ, ಮೊದಲು ಸ್ಪ್ರಿಂಗು ನೋಡಿಸು, ಗಾಲಿಗಳಿಗೆ ಎಣ್ಣೆ ಬಿಡು, ಚಿಕ್ಕ ಮೋಟರು ಸಾಕು ಅಂದೆ. ಹೆಂಗಸಿಗೇನು ಗೊತ್ತು ಅನ್ನೋ ನಗು ನಕ್ಕ. ಲಾರಿ ಎಳೆಯೋ ಅಂಥ ಮೋಟರು ಹೊತ್ಕೊಂಡು ಹೋದ. ಹೋಗಲಿ, ನನಗೇನು?

"ಒಂದು ವಿಷಯ ಚೆನ್ನಾಗಿ ತಿಳ್ಕೊಳ್ಳಿ. ಇಳೀತಿರೋ ಬಾಗಿಲು ವಾಪಸ್ ಮೇಲೆ ಹೋಗೋದು ಎರಡು ಕಾರಣಕ್ಕೆ. ಬಾಗಿಲ ಬುಡದಲ್ಲಿ ಆ ಕಡೆ ಒಂದು ಈ ಕಡೆ ಒಂದು ಕಣ್ಣು ಇರುತ್ತೆ, ಒಂದನ್ನೊಂದು ನೋಡ್ಕೊಂಡು. ನಡುವೆ ಯಾರಾದ್ರೂ ಬಂದ್ರೆ ಬಾಗಿಲು ಹಿಂದಕ್ಕೆ. ಇಲ್ಲಾ, ಬಾಗಿಲು ಯಾರಿಗಾದ್ರೂ ತಗುಲಬೇಕು, ಆಗ ಹಿಂದಕ್ಕೆ. ಮೂರನೇದು ಅಂತ ನಾನಂತೂ ನೋಡಿಲ್ಲ.

"ಮಗು ಹುಟ್ಟಿತು, ಬೆಳೀತು, ತೆವಳೋಕೆ ಶುರುಮಾಡಿತು... ಶುರುಮಾಡಿದ ವಾರಕ್ಕೇ ಬಾಗಿಲು ಮುಚ್ಚೋದು ನಿಲ್ಲಿಸಿತು. ಅರ್ಧಕ್ಕೆ ಬರೋದು, ಹಿಂದಕ್ಕೆ ಹೋಗೋದು. ಬಾಗಿಲ ಬುಡದ ಕಣ್ಣು ಒರೆಸಿದ. ತಂತಿ ಬದಲಾಯಿಸಿದ. ಚೈನಿನ ಮೋಟರು ಕಿತ್ತು ಬೆಲ್ಟಿನದ್ದು ತಂದ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. 'ಅತ್ತೆ ಕೂತಿದಾರೆ ಅನ್ಸುತ್ತೆ ಕಣ್ರೀ, ಸುಮ್ಮನೆ ಬಿಟ್ಟುಬಿಡಿ' ಅಂತ ನನ್ನ ತಂಗಿ ಅಂದಿದ್ದಕ್ಕೆ, 'ಬದುಕಿದ್ದಾಗ್ಲೂ ದಾರಿಗಡ್ಡ, ಈಗ್ಲೂ ದಾರಿಗಡ್ಡ' ಅಂದ. ತಾಯಿ ಬಗ್ಗೆ ಆಡೋ ಮಾತಾ ಇದು? ನನಗೆ ಅವನ ಮುಖ ನೋಡೋಕೂ ಅಸಹ್ಯ ಆಯ್ತು.

"ಆಮೇಲೆ ಬುದ್ಧಿವಂತ ಒಂದು ಉಪಾಯ ಮಾಡಿದ. ನನ್ನ ಗಿರಾಕಿಗಳಲ್ಲಿ ಅಡ್ಡಕಸಬಿಗಳೆಲ್ಲ ಮಾಡೋ ಉಪಾಯ. ಬುಡದ ಎರಡೂ ಕಣ್ಣು ಬಿಚ್ಚಿ, ಅಟ್ಟದ ಮೇಲೆ ಎದುರುಬದುರು ಇಟ್ಟು ಟೇಪು ಸುತ್ತಿದ. ಅಲ್ಲಿ ಅವು ಒಂದನ್ನೊಂದು ನೋಡ್ಕೊಂಡು ಸುಖವಾಗಿ ಕೂತವು. ಕೆಳಗೆ ಯಾರು ಸತ್ತರೆ ಅವಕ್ಕೇನು? ತಗುಲಿದ್ರೂ ನಿಲ್ಲಬಾರದು ಅಂತ ಮೋಟರಿನ ಜೋರಿನ ತಿರುಪನ್ನೂ ಕೊನೆತನಕ ತಿರುಗಿಸಿದ. ಬಾಗಿಲು ಮುಚ್ಚಿತು! ಏನು ಮೀಸೆ, ಏನು ಗತ್ತು... 'ನೋಡಿದ್ರಾ, ಎಲ್ಲದಕ್ಕೂ ತಲೆ ಇರಬೇಕು' ಅಂತ ನನ್ನ ಮುಂದೆ.

"ಒಂದು ಸಂಜೆ ನಾನು ಇಲ್ಲೇ ಇದ್ದೆ, ಈ ಗೋಡೆ ಪಕ್ಕ. ನಿಮ್ಮಪ್ಪ ಕಾರು ಒಳಗೆ ತಂದ, ಗೋಡೆ ಗುಂಡಿ ಒತ್ತಿದ, ಹಿಂತಿರುಗಿ ನೋಡದೆ ಸಿಳ್ಳೆ ಹಾಕ್ಕೊಂಡು ಒಳಗೆ ಹೋದ. ಕಾರಿನ ಆಚೆ ಯಾರೋ ಕಿಲಕಿಲ ನಕ್ಕ ಹಾಗಾಯ್ತು. ಬಗ್ಗಿ ನೋಡ್ತೀನಿ... ಮಗು ಗೆರೆ ಮೇಲೆ ಕೂತಿದೆ. ಸ್ಟೂಲು ಇರ್ತಿತ್ತಲ್ಲ, ಅದೇ ಜಾಗ. ಕತ್ತೆತ್ತಿ ಯಾರನ್ನೋ ನೋಡಿ ನಗ್ತಿದೆ. ಮೇಲಿಂದ ಬಾಗಿಲು ಬರ್ತಿದೆ.

"ಕೂಗಿದೆನಾ? ಕೂಗಿದೆ. ಓಡಿದೆನಾ? ಕಾರು ಅಡ್ಡ, ನನ್ನ ಮೈಯೂ ಅಡ್ಡ. ಒಳಗಿಂದ ನನ್ನ ತಂಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಷ್ಟರಲ್ಲಿ ಬಾಗಿಲು... ನಿಂತುಬಿಡ್ತು. ಹಿಂದಕ್ಕೆ ಹೋಗಲಿಲ್ಲ, ಕೇಳಿ! ಹೋಗದ ಹಾಗೆ ಆ ಮೂರ್ಖ ತಿರುಪು ತಿರುಗಿಸಿದ್ನಲ್ಲ. ಮೋಟರು ಕೆಳಕ್ಕೆ ತಳ್ತಾನೇ ಇದೆ, ಬೆಲ್ಟು ಕಿರುಚ್ತಿದೆ, ಮೇಲಿನ ಕಂಬಿ ಬಿಲ್ಲಿನ ಹಾಗೆ ಬಗ್ಗಿದೆ, ಬಾಗಿಲು ಮಾತ್ರ ಮಗು ತಲೆಯಿಂದ ಒಂದು ಗೇಣು ಮೇಲೆ ನಿಂತಿದೆ. ಯಾರೋ ಬೆನ್ನು ಕೊಟ್ಟಿದಾರೆ. ಒಂದು ನರಳಾಟ ಕೇಳಿಸಿತು ಕಣ್ರೇ... ಅದು ಮೋಟರಿಂದಲ್ಲ. ಮುದುಕಿ ಸ್ಟೂಲಿಂದ ಏಳೋವಾಗ ಮೊಣಕಾಲು ಹಿಡ್ಕೊಂಡು ನರಳ್ತಿದ್ಲಲ್ಲ, ಅದು.

"ನನ್ನ ತಂಗಿ ಮಗೂನ ಎಳ್ಕೊಂಡಿದ್ದೇ ತಡ, ಧಡ್ ಅಂತ ಬಿತ್ತು ಬಾಗಿಲು.

"ನಿಮ್ಮಪ್ಪ ಬಂದು ಏನಂದ ಗೊತ್ತಾ? 'ಕಂಬಿ ಬಗ್ಗಿ ಸಿಕ್ಕಿಹಾಕಿಕೊಂಡಿತ್ತು, ಅಷ್ಟೇ.' ಅಷ್ಟೇ ಅಂತೆ! ಕಣ್ಣುಗಳು ಕೆಳಗೆ ಬರದಿದ್ರೆ ನಾನು ಮಗೂನ ಕರ್ಕೊಂಡು ಹೊರಟೆ ಅಂತ ನನ್ನ ತಂಗಿ ಚಪ್ಪಲಿ ಮೆಟ್ಟಿದ ಮೇಲೆ ಕೆಳಗೆ ಬಂದವು. ಅವತ್ತಿಂದ ಈ ಬಾಗಿಲು ಒಂದು ದಿನವೂ ಕಾರಣ ಇಲ್ಲದೆ ತಿರುಗಿ ಹೋಗಿಲ್ಲ... ಇವತ್ತಿನವರೆಗೆ."

ದೊಡ್ಡಮ್ಮ ಕೈಚಾಚಿ ಬಾಗಿಲಿನ ಕೆಳ ಅಂಚಿನಲ್ಲಿದ್ದ ತಗ್ಗನ್ನು ತೋರಿಸಿದರು. "ಅದು ಕಾರು ಗುದ್ದಿದ್ದು ಅಂತ ತಾನೇ ನಿಮಗೆ ಹೇಳಿರೋದು? ಕಾರು ಗುದ್ದಿದ್ರೆ ಒಳಗೆ ತಗ್ಗಬೇಕು. ಕೆಳಗಿಂದ ಮೇಲಕ್ಕೆ ಹೇಗೆ ತಗ್ಗುತ್ತೆ?"

ಚಿಕ್ಕಂದಿನಿಂದ ನೋಡಿದ್ದ ತಗ್ಗು ಅದು. ಒಬ್ಬರ ಬಾಗಿದ ಬೆನ್ನಿನಷ್ಟೇ ಅಗಲವಿದೆ ಎಂಬುದು ಆಗ ಮೊದಲ ಸಲ ಕಂಡಿತು. ಆ ಮಗು ನಾನು. ಮನೆಯಲ್ಲಿ ಯಾರೂ ನನಗೆ ಈ ವಿಷಯ ಹೇಳಿರಲಿಲ್ಲ.

ದೊಡ್ಡಮ್ಮ ತಮ್ಮನ ಕಡೆ ತಿರುಗಿದರು. "ಲೋ, ಹೊಸ ಮೋಟರಿನ ಕಣ್ಣು ಎಲ್ಲಿಟ್ಟಿದೀಯ?"

ತಮ್ಮ ತಲೆ ಎತ್ತಿ ಅಟ್ಟದ ಕಡೆ ನೋಡಿದ. ಅಲ್ಲಿ ಎರಡು ಪುಟ್ಟ ಹಸಿರು ದೀಪಗಳು ಎದುರುಬದುರು ಉರಿಯುತ್ತಿದ್ದವು. "ಗೋಡೆ ಕೊರೆಯೋದು ತಪ್ಪುತ್ತೆ ಅಂತ... ಅಪ್ಪಾನೇ ಹೇಳಿಕೊಟ್ಟಿದ್ದು," ಎಂದ.

"ಹೇಳಿಕೊಟ್ಟನಾ? ಭೇಷ್! ಒಂದು ಜನ್ಮಕ್ಕೆ ಇಷ್ಟು ದಡ್ಡತನ ಸಾಲದು ಅಂತ ಮಗನಿಗೂ ದಾಟಿಸಿದಾನೆ." ಆಮೇಲೆ ಅವರ ದನಿ ತಗ್ಗಿತು. "ಕಣ್ಣು ಮೇಲಿವೆ. ಅವು ಯಾರನ್ನೂ ನೋಡ್ತಿಲ್ಲ. ಹಾಗಾದ್ರೆ ಬಾಗಿಲು ಇಷ್ಟು ಹೊತ್ತಿಂದ ತಗುಲ್ತಿರೋದು ಯಾರಿಗೆ? ಆಗ ಕಣ್ಣು ಅಟ್ಟ ಹತ್ತಿದ ಮೇಲೆ, ಮಗು ಗೆರೆ ಮೇಲೆ ಬರೋವರೆಗೂ ಕಾದಿದ್ದಳು. ಈ ಸಲ ನಿಮ್ಮನ್ನ ನಂಬೋ ಹಾಗೆ ಕಾಣಲ್ಲ."

ನನ್ನ ಮಗಳು ತೊಡೆಯ ಮೇಲಿಂದ ಬಾಗಿಲ ಕಡೆ ಎರಡೂ ಕೈ ಚಾಚಿದಳು. ಎರಚಲಿಗೆ ಅಲ್ಲಿಯ ನೆಲವೆಲ್ಲ ಒದ್ದೆಯಾಗಿತ್ತು. ಗೆರೆಯ ನಡುವೆ ಮಾತ್ರ, ಒಂದು ಕುಳ್ಳ ಸ್ಟೂಲಿನಷ್ಟು ಜಾಗ, ಒಣಗಿಯೇ ಇತ್ತು.

"ಏಣಿ ತಗೊಂಡು ಬಾರೋ, ಕಣ್ಣು ಕೆಳಗಿಳಿಸು," ಎಂದರು ದೊಡ್ಡಮ್ಮ. "ಅಲ್ಲಿವರೆಗೂ ಅವಳು ಏಳಲ್ಲ... ಥೂ, ಆ ವಯಸ್ಸಾದವಳನ್ನ ಈ ಮಳೇಲಿ ಕೂರಿಸಿದಿರಲ್ಲೋ."